ಒಗೆಯೋ ಕಲ್ಲಿನ ಹಿಂದಿನ ಬಾಗಿಲು

ವಾಷಿಂಗ್ ಮಿಷನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ನನ್ನ ಹತ್ತಿರ ಕೇಳಬೇಕು. ನಮ್ಮ ಬಿಲ್ಡಿಂಗಿನ ಬಾಡಿಗೆಯವರು ಕೇಳುತ್ತಲೂ ಇದ್ದರು. ಹೈಸ್ಕೂಲ್ ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತೆ, ಅವರನ್ನು ನಿಲ್ಲಿಸಿಕೊಂಡು ಪಾಠ ಮಾಡದೆ ಬಿಡುತ್ತಿರಲಿಲ್ಲ. ಬಟ್ಟೆ ತುರುಕಬೇಡಿ ಕಣ್ರೀ, ಅದೇನು ಗೋಣಿಚೀಲ ಅಲ್ಲ, ಮೇಲೆ ಒಂದು ಗೇಣು ಜಾಗ ಬಿಡಿ. ಸೋಪು ಜಾಸ್ತಿ ಸುರಿದರೆ ಬಟ್ಟೆ ಜಾಸ್ತಿ ಬೆಳ್ಳಗಾಗಲ್ಲ. ಒಗೆದಾದ ಮೇಲೆ ಬಾಗಿಲಿನ ಸುತ್ತ ಇರೋ ರಬ್ಬರನ್ನು ಒಣಬಟ್ಟೆಯಲ್ಲಿ ಒರೆಸಿ, ಬಾಗಿಲನ್ನು ಅರ್ಧ ತೆಗೆದಿಡಿ, ಇಲ್ಲದಿದ್ದರೆ ಮುಗ್ಗಲು ವಾಸನೆ. ನಲ್ಲಿಯಿಂದ ಬರೋ ಪೈಪಿನ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತೆ, ಟ್ಯಾಂಕರ್ ನೀರಿನ ಮರಳೆಲ್ಲ ಅಲ್ಲೇ ಕೂತಿರುತ್ತೆ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ. ತಿಂಗಳಿಗೊಂದು ಸಲ ಪುಡಿ ಹಾಕಿ, ಬಟ್ಟೆ ಇಲ್ಲದೆ ಬಿಸಿನೀರಲ್ಲಿ ಖಾಲಿ ತಿರುಗಿಸಿ. ನಮ್ಮ ಅಮೃತಹಳ್ಳಿ ನೀರು ಎಂಥದ್ದು ಅಂತ ಬಕೆಟ್ಟಿನ ತಳ ನೋಡಿದರೆ ಗೊತ್ತಾಗುತ್ತೆ, ಸುಣ್ಣ ಬಳಿದಂಗಿರುತ್ತೆ.

ಇಷ್ಟೆಲ್ಲ ಹೇಳುತ್ತಿದ್ದೆ. ಒಂದನ್ನು ಹೇಳುತ್ತಿರಲಿಲ್ಲ, ಯಾಕೆಂದರೆ ಅದನ್ನು ನಾನೇ ಮಾಡುತ್ತಿರಲಿಲ್ಲ. ಮಿಷನ್ನಿನ ಬುಡದಲ್ಲಿ, ಬಲಗಡೆ ಮೂಲೆಯಲ್ಲಿ, ಅಂಗೈಯಷ್ಟಗಲದ ಒಂದು ಪುಟ್ಟ ಬಾಗಿಲಿದೆ. ಅದನ್ನು ತೆಗೆದು ಒಳಗಿನ ಫಿಲ್ಟರನ್ನು ತಿರುಗಿಸಿ ಹೊರಗೆಳೆದು ತೊಳೆಯಬೇಕು. ಕೂದಲು, ದಾರ, ಗುಂಡಿ, ಬಟ್ಟೆಯ ಜೊತೆ ಒಳಗೆ ಹೋದದ್ದೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಮಿಷನ್ನು ಮನೆಗೆ ಬಂದು ನಾಲ್ಕು ವರ್ಷವಾದರೂ ಆ ಬಾಗಿಲನ್ನು ನಾನು ಒಂದು ಸಲವೂ ತೆಗೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ.

ತೆಗೆಯದೇ ಇದ್ದದ್ದಕ್ಕೆ ಕಾರಣ ಒಂದು ಕಲ್ಲು. ಅಮ್ಮನ ಒಗೆಯೋ ಕಲ್ಲು. ನಮ್ಮ ಹಳೇ ಮನೆಯ ಹಿತ್ತಲಲ್ಲಿತ್ತು. ಜಮೀನೆಲ್ಲ ಸೈಟಾಗಿ, ಹಳೇ ಮನೆ ಕೆಡವಿ, ಅದೇ ಜಾಗದಲ್ಲಿ ಮೂರಂತಸ್ತು ಎದ್ದಾಗ ಅಮ್ಮ ಬೇರೆ ಏನನ್ನೂ ಕೇಳಲಿಲ್ಲ. "ಕಲ್ಲು ಬಿಟ್ಟು ನಾನ್ ಮೇಲಕ್ಕೆ ಬರಾಕಿಲ್ಲ" ಅಂತ ಕೂತಳು. ನಾಲ್ಕು ಜನ ಸೇರಿ ಎರಡನೇ ಮಹಡಿಗೆ ಹೊತ್ತು, ಅಡಿಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಇಳಿಸಿದರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಮ್ಮನ ಜೊತೆಗೇ ಇರಲು ಬಂದೆ, ಬರುವಾಗ ಮಿಷನ್ನು ಕೊಂಡೆ. ಜಾಗ ಇದ್ದದ್ದು ಕಲ್ಲಿನ ಹಿಂದೆ ಮಾತ್ರ. ಸ್ಟ್ಯಾಂಡಿನ ಮೇಲೆ ಕೂರಿಸಿದ್ದರಿಂದ ದೊಡ್ಡ ಬಾಗಿಲು ಕಲ್ಲಿನ ಮೇಲೆ ಹಾದು ತೆರೆಯುತ್ತಿತ್ತು. ಬುಡದ ಪುಟ್ಟ ಬಾಗಿಲು ಮಾತ್ರ ಕಲ್ಲಿನ ಹಿಂದೆ ಮುಚ್ಚಿಹೋಗಿತ್ತು. ಕೂರಿಸಲು ಬಂದವನು, "ಮೇಡಂ, ಈ ಕಲ್ಲು ಸರಿಸ್ಬೇಕು" ಅಂದ. ಅಮ್ಮ ಅವನನ್ನು ಒಂದು ನೋಟ ನೋಡಿದಳು. ಅವನು ಕಲ್ಲನ್ನು ಹಾಗೇ ಬಿಟ್ಟು ಮಿಷನ್ನು ಕೂರಿಸಿ ಹೋದ, ನಾನೂ ಒತ್ತಾಯ ಮಾಡಲಿಲ್ಲ.

ಅಮ್ಮನಿಗೆ ಮಿಷನ್ನಿನ ಮೇಲೆ ನಂಬಿಕೆ ಇರಲಿಲ್ಲ. "ಅದೇನ್ ಒಗೀತದಾ? ಸುಮ್ಕೆ ತಿರುಗಿಸ್ತದೆ" ಅನ್ನುತ್ತಿದ್ದಳು. ಆಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸೋದು ಮರೆತಳು, ಆಮೇಲೆ ಊಟ ಮಾಡಿದ್ದು, ಆಮೇಲೆ ನನ್ನನ್ನೇ. ಆಗ ಅದೇ ಮಿಷನ್ನಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುವುದೇ ಅವಳ ಕೆಲಸವಾಯಿತು. ದುಂಡನೆಯ ಗಾಜಿನೊಳಗೆ ಬಟ್ಟೆ ಸುತ್ತುವುದನ್ನು ನೋಡುತ್ತಾ, "ನನ್ ಸೀರೆ ಕಣವ್ವ, ಅಗೋ ಬಂತು, ಅಗೋ ಓಯ್ತು" ಅಂತ ನಗುತ್ತಿದ್ದಳು. ಹಾಸಿಗೆ ಒದ್ದೆಯಾಗುವ ಕಾಲ ಬಂದಾಗ ದಿನಕ್ಕೆ ಮೂರು ಸಲ ಮಿಷನ್ನು ಓಡುತ್ತಿತ್ತು. ಪಾಪದ ಮಿಷನ್ನು, ಒಂದು ದಿನವೂ ಮುಖ ತಿರುಗಿಸಲಿಲ್ಲ. ಮುಖ ತಿರುಗಿಸುತ್ತಿದ್ದವಳು ನಾನು. ಸ್ಕೂಲಿಂದ ಬಂದು ಬಾಗಿಲು ತೆಗೆದಾಗ ಆ ವಾಸನೆ ಬಂದರೆ ನನ್ನ ಮೈ ಉರಿಯುತ್ತಿತ್ತು. ಹೆತ್ತ ತಾಯಿಯ ಮೇಲೆ ರೇಗಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಆಗ ಅಮ್ಮನನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದವಳು ಅವಳು. ಆರ್.ಟಿ. ನಗರದಿಂದ ಎರಡು ಬಸ್ ಬದಲಾಯಿಸಿ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದಳು. ಮೂವತ್ತೈದು ಇರಬಹುದು. ಬುರ್ಖಾ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಕೈಕಾಲು ತೊಳೆದು, ಸೀದಾ ಅಮ್ಮನ ಹತ್ತಿರ ಹೋಗುತ್ತಿದ್ದಳು. ಮನೆಯಲ್ಲಿ ಅವರದು ಉರ್ದು. ನಮ್ಮ ಹತ್ತಿರ ಕನ್ನಡ, ಅದೂ ಅಮ್ಮನಿಂದ ಕಲಿತ ಹಳ್ಳಿ ಕನ್ನಡ ಬೆರೆತು ಬೇರೆಯದೇ ಒಂದು ಭಾಷೆಯಾಗಿತ್ತು. ಅಮ್ಮ ಅವಳನ್ನು "ಬಾ ಮಗ" ಅನ್ನುತ್ತಿದ್ದಳು. ನನ್ನನ್ನು "ಯಾರವ್ವ ನೀನು" ಅನ್ನುತ್ತಿದ್ದಳು. ಹೊಟ್ಟೆಕಿಚ್ಚು ಆಗುತ್ತಿರಲಿಲ್ಲವಾ ಅಂದರೆ ಆಗುತ್ತಿತ್ತು, ಬೇಕಾದಷ್ಟು.

ಆ ಹೊತ್ತಿಗೆ ಅಮ್ಮ ಊಟಕ್ಕೆ ಬಾಯಿ ತೆರೆಯುವುದನ್ನೇ ನಿಲ್ಲಿಸಿದ್ದಳು. ಹಲ್ಲು ಕಚ್ಚಿ ಕೂತುಬಿಡುತ್ತಿದ್ದಳು. "ಹೇಗಾದರೂ ಮಾಡಿ ತಿನ್ನಿಸಿ, ತಿಂದರೆ ಇರ್ತಾರೆ, ಇಲ್ಲದಿದ್ದರೆ ಕಷ್ಟ" ಅಂತ ಡಾಕ್ಟರು ನೇರವಾಗಿಯೇ ಹೇಳಿದ್ದರು. ನಾನು ಗದರಿಸಿ ನೋಡಿದೆ, ಬೇಡಿಕೊಂಡು ನೋಡಿದೆ, ಮೂಗು ಹಿಡಿದೂ ನೋಡಿದೆ. ಅವಳು ಬಂದ ಮೂರನೇ ದಿನಕ್ಕೆ ಅಮ್ಮ ಒಂದು ಬಟ್ಟಲು ಗಂಜಿ ಕುಡಿದಿದ್ದಳು. ಹೇಗೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ನನಗೆ ಬಾರದ್ದು ಅವಳಿಗೆ ಬರುತ್ತೆ ಅಂತ ಒಪ್ಪಿಕೊಂಡಂತಾಗುತ್ತಿತ್ತು. ಅಮ್ಮನ ಪ್ರಾಣ ಅವಳ ಬೆರಳ ತುದಿಯಲ್ಲಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಯ ಎಲ್ಲ ಕೆಲಸಕ್ಕೂ ಅವಳು ಕೈ ಹಾಕುತ್ತಿದ್ದಳು, ಮಿಷನ್ನೊಂದನ್ನು ಬಿಟ್ಟು. ಅದು ನನ್ನ ಕಟ್ಟಪ್ಪಣೆ. "ನೋಡಮ್ಮಾ, ಬಟ್ಟೆ ತಂದು ಬಕೆಟ್ಟಿಗೆ ಹಾಕು, ಅಷ್ಟೆ. ಮಿಷನ್ನು ನಾನೇ ಹಾಕ್ತೀನಿ. ಯಾರ್ಯಾರೋ ಮುಟ್ಟಿದರೆ ಕೆಡುತ್ತೆ." ಅವಳು ತಲೆಯಾಡಿಸಿ, "ಆಯ್ತು ಅಕ್ಕಾ. ಆದ್ರೆ ಅಜ್ಜಿ ಸೀರೆ ಹಾಕುವಾಗ ಸೆರಗು ನೋಡಿ ಹಾಕಿ. ಏನೇನೋ ಗಂಟು ಕಟ್ತಾರೆ" ಅಂದಿದ್ದಳು. ನನಗೆ ಹೇಳಿಕೊಡಲು ಬರುತ್ತಾಳಲ್ಲ ಅಂತ ಸಿಟ್ಟು ಬಂದಿತ್ತು. ಅಮ್ಮನ ಸೆರಗಿನ ಗಂಟು ನನಗೆ ಗೊತ್ತಿಲ್ಲವಾ? ಅಡಿಕೆ, ಚಿಲ್ಲರೆ, ದೇವಸ್ಥಾನದ ಹೂವು, ಎಲ್ಲ ಆ ತುದಿಯಲ್ಲೇ. ತಲೆಗೆ ಎರೆದುಕೊಳ್ಳುವ ದಿನ ಕೆಂಪುಕಲ್ಲಿನ ಓಲೆ ಬಿಚ್ಚಿ ಅದಕ್ಕೇ ಕಟ್ಟಿಕೊಳ್ಳುತ್ತಿದ್ದಳು. ಬಚ್ಚಲಲ್ಲಿಟ್ಟರೆ ನೀರಿಗೆ ಹೋಗುತ್ತೆ, ಗೂಡಲ್ಲಿಟ್ಟರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತೆ, ಸೆರಗಲ್ಲಿದ್ದರೆ ಮೈಮೇಲೇ ಇರುತ್ತೆ ಅನ್ನುವುದು ಅವಳ ಲೆಕ್ಕ. ನಮ್ಮ ಕಡೆಯ ಮುದುಕಿಯರೆಲ್ಲ ಹಾಗೇ. ಅಮ್ಮನ ತಾಯಿ ಕೊಟ್ಟ ಓಲೆ ಅವು. ಅಪ್ಪ ಸತ್ತಾಗಲೂ ಬಿಚ್ಚಿಸಲು ಬಂದವರಿಗೆ, "ಇವು ನಮ್ಮವ್ವಂದು, ಅವ್ರದಲ್ಲ" ಅಂದಿದ್ದಳು.

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ. ಬೆಳಿಗ್ಗೆ ಅವಳು ಅಮ್ಮನಿಗೆ ಎಣ್ಣೆ ಹಚ್ಚಿ, ತಲೆಗೆ ಎರೆದು, ಹೊಸ ಸೀರೆ ಉಡಿಸಿ, ಎಂದಿನ ಶುಕ್ರವಾರದಂತೆ ಮಧ್ಯಾಹ್ನಕ್ಕೇ ಮನೆಗೆ ಹೊರಟಳು. ಗಂಡ ಹೋದ ಮೇಲೂ ಹಬ್ಬ ಬಿಟ್ಟವಳಲ್ಲ ನಾನು, ರಜ ಹಾಕಿದ್ದೆ. ಹೋಳಿಗೆ ಅರ್ಧಕ್ಕೆ ನಿಂತಿತ್ತು, ಸಂಜೆ ಬಾಡಿಗೆಯವರು ಅರಿಶಿನ ಕುಂಕುಮಕ್ಕೆ ಬರುವವರಿದ್ದರು, ಮೂರು ಗಂಟೆಗೆ ಕರೆಂಟು ಹೋಗುತ್ತೆ ಅಂತ ಮೆಸೇಜ್ ಬೇರೆ ಬಂದಿತ್ತು. ಬಕೆಟ್ಟಲ್ಲಿ ಅಮ್ಮನ ಬಿಟ್ಟ ಸೀರೆ, ಹಾಸಿಗೆ ಬಟ್ಟೆ ಎಲ್ಲ ಒಂದಾಗಿ ಬಿದ್ದಿದ್ದವು. ಎರಡೂ ಕೈಯಲ್ಲಿ ಬಾಚಿ ಒಳಗೆ ತುರುಕಿದೆ. ಹೌದು, ನಾನೇ, ಗೋಣಿಚೀಲ ಅಲ್ಲ ಅಂತ ಪಾಠ ಹೇಳುತ್ತಿದ್ದವಳು. ಸೆರಗು ನೋಡಲಿಲ್ಲ. ನೀರು ಬಸಿಯುವಾಗ ಒಳಗೆ ಟಿಣ್ ಟಿಣ್ ಅಂತ ಏನೋ ಸದ್ದು. ಇವಳು ಬಟ್ಟೆ ಒದರದೆ ಹಾಕಿದಾಳೆ, ಯಾವುದೋ ಪಿನ್ನು ಇರಬೇಕು ಅಂತ ಅವಳನ್ನೇ ಬೈದುಕೊಂಡೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅಮ್ಮ ಗಾಜಿನ ಮುಂದೆ ಕೂತಿದ್ದಳು.

ಸಂಜೆ ಕುಂಕುಮಕ್ಕೆ ಬಂದ ಕೆಳಗಿನ ಮನೆಯಾಕೆ, "ಅಜ್ಜೀ, ಹಬ್ಬದ ದಿನ ಕಿವಿ ಬೋಳು ಬಿಟ್ಟಿದೀರಲ್ಲಾ, ಓಲೆ ಎಲ್ಲಿ?" ಅಂದಳು. ಆರೇಳು ಹೆಂಗಸರು ಒಟ್ಟಿಗೆ ಅಮ್ಮನ ಕಿವಿ ನೋಡಿದರು. ದಿಂಬು, ಬಚ್ಚಲು, ಬೀರು ಎಲ್ಲ ಜಾಲಾಡಿದೆ. "ಅಮ್ಮಾ, ಓಲೆ ಯಾರು ಬಿಚ್ಚಿದ್ದು?" ಅಂತ ಭುಜ ಹಿಡಿದು ಕೇಳಿದೆ. ಅಮ್ಮ, "ಅವ್ಳೇ, ಆ ಮಗ" ಅಂದಳು. ಯಲಹಂಕದಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿದೆ. "ನಾನ್ ಮೊದಲೇ ಹೇಳಿರ್ಲಿಲ್ವೇನೇ ಅಕ್ಕಾ? ಅದರಲ್ಲೂ ಆ ಜನಾನ ಒಳಗೆ ಸೇರಿಸ್ಕೊಂಡಿದೀಯ" ಅಂದ. ಆ ಜನ ಅಂದಾಗಲೇ ಅವನ ಬಾಯಿ ಮುಚ್ಚಿಸಬೇಕಿತ್ತು ನಾನು. ಮುಚ್ಚಿಸಲಿಲ್ಲ. ಅವನ ಮಾತು ನನಗೆ ಆ ಹೊತ್ತಲ್ಲಿ ಹಿತವಾಗಿತ್ತು, ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತೆ.

ಶನಿವಾರ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ನಾನು ಗೇಟಿನಲ್ಲೇ ನಿಂತಿದ್ದೆ.

"ಅಜ್ಜಿ ಓಲೆ ಎಲ್ಲಿ?"

"ನಾನೇ ಬಿಚ್ಚಿ ಅಜ್ಜಿ ಕೈಗೆ ಕೊಟ್ಟೆ ಅಕ್ಕಾ, ಎಣ್ಣೆ ಹಚ್ಚೋಕೆ ಮುಂಚೆ. ಸೆರಗಲ್ಲಿ ಕಟ್ಕೊಂಡ್ರು. ಸ್ನಾನ ಆದ್ಮೇಲೆ ಹಾಕೋಣ ಅಂದ್ರೆ ಕಿವಿ ಮುಟ್ಟೋಕೆ ಬಿಡ್ಲಿಲ್ಲ, ಆಮೇಲೆ ನಾನೂ ಮರೆತೆ. ಸೆರಗು ನೋಡಿದ್ರಾ?"

"ಸೀರೆ ಒಗೆದು ಒಣಗಿಯೂ ಆಯ್ತು. ಗಂಟೂ ಇಲ್ಲ, ಮಣ್ಣೂ ಇಲ್ಲ. ಮಿಷನ್ನು ನುಂಗುತ್ತೇನು?"

ನುಂಗುತ್ತೇನು ಅಂತ ಕೇಳಿದೆ ನಾನು, ಬೀದಿಗೆಲ್ಲ ಕೇಳುವ ಹಾಗೆ.

"ಬ್ಯಾಗ್ ತೋರಿಸು" ಅಂದೆ. ಅವಳು ತಾನೇ ಬ್ಯಾಗಿನ ಬಾಯಿ ಬಿಚ್ಚಿ ಹಿಡಿದಳು. ಊಟದ ಡಬ್ಬಿ, ಜಪಮಣಿ, ಬಾಚಣಿಗೆ, ಪೇಪರಲ್ಲಿ ಸುತ್ತಿದ ಒಂದು ಉಂಡೆ ಬೆಲ್ಲ. "ಈ ಬೆಲ್ಲವೂ ನಮ್ಮನೇದೇನಾ?" ಅಂದೆ. "ಅಂಗಡೀದು ಅಕ್ಕಾ. ಅಜ್ಜಿಗೆ" ಅಂದಳು. ಮುಂದೆ ಇನ್ನೇನೋ ಹೇಳಲು ಬಾಯಿ ತೆಗೆದಳು. "ಸಾಕು, ಕಥೆ ಕಟ್ಟಬೇಡ, ನಾಳೆಯಿಂದ ಬರಬೇಡ" ಅಂತ ಬೆಲ್ಲವನ್ನು ಕಿತ್ತು ಕಾಂಪೌಂಡಿನ ಮೇಲಿಟ್ಟೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬ್ಯಾಗು ಮುಚ್ಚಿಕೊಂಡು ಹೋದಳು. ಬೆಲ್ಲಕ್ಕೆ ಇರುವೆ ಮುತ್ತಿ ಎರಡು ದಿನದಲ್ಲಿ ಖಾಲಿಯಾಯಿತು. ಆ ಎರಡು ದಿನವೂ ನಾನು ಅದನ್ನು ದಾಟಿಕೊಂಡೇ ಓಡಾಡಿದೆ.

ಅವತ್ತಿನಿಂದ ಅಮ್ಮ ತಾನಾಗಿ ಬಾಯಿ ತೆರೆಯಲಿಲ್ಲ. ನಾನು ಸ್ಕೂಲಿಗೆ ದೀರ್ಘ ರಜೆ ಹಾಕಿದೆ. ಮತ್ತಿಕೆರೆಯಿಂದ ಒಬ್ಬ ಆಯಾ ಬಂದಳು, ಸಹಕಾರನಗರದಿಂದ ಇನ್ನೊಬ್ಬಳು. ಯಾರ ಕೈಗೂ ಅಮ್ಮ ಒಗ್ಗಲಿಲ್ಲ. ಚಮಚ ಕಂಡರೆ ಮುಖ ಗೋಡೆಗೆ. ಬಲವಂತಕ್ಕೆ ನಾಲ್ಕು ಗುಟುಕು ಒಳಗೆ ಹೋದರೆ ಹೆಚ್ಚು, ಉಳಿದ ಗಂಜಿ ಗಲ್ಲದ ಮೇಲೆ ಸುರಿದು ಸೀರೆಯೆಲ್ಲ ಅಂಟಂಟು. ಆ ಸೀರೆಯನ್ನೇ ಮತ್ತೆ ಮಿಷನ್ನಿಗೆ ಹಾಕುತ್ತಿದ್ದೆ. ಅಮ್ಮನನ್ನು ನೋಡಿಕೊಳ್ಳಲು ಬಾರದವಳಿಗೆ ಮಿಷನ್ನನ್ನು ನೋಡಿಕೊಳ್ಳುವುದಾದರೂ ಬರುತ್ತಿತ್ತಲ್ಲ, ದಿನಾ ರಬ್ಬರು ಒರೆಸಿದೆ, ಸೋಪಿನ ಡ್ರಾಯರು ತೊಳೆದೆ, ಜಾಲರಿ ಉಜ್ಜಿದೆ. ಅಮ್ಮ ಕುರ್ಚಿಯಲ್ಲಿ ಕೂತು, ಕಲ್ಲಿನ ಮೇಲಿಂದ ಕೈಚಾಚಿ, ಒಣಗಿದ ಅಂಗೈಯಿಂದ ಗಾಜನ್ನು ತಟ್ಟುತ್ತಿದ್ದಳು. "ತೆಗಿ, ತೆಗಿ" ಅನ್ನುತ್ತಿದ್ದಳು. ಸೀರೆ ಬೇಕಾ ಅಂತ ಬಾಗಿಲು ತೆಗೆದು ಸೀರೆ ಕೊಟ್ಟರೆ ಕೆಳಗೆ ಹಾಕುತ್ತಿದ್ದಳು. ಓಲೆ ಕೇಳುತ್ತಿದ್ದಳೋ, ಅವಳನ್ನು ಕೇಳುತ್ತಿದ್ದಳೋ, ಇನ್ನೇನನ್ನೋ, ನನಗೆ ಗೊತ್ತಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದೂ ಇಲ್ಲ.

ಅವಳನ್ನೇ ವಾಪಸು ಕರೆಯೋಣ ಅಂತ ಅನ್ನಿಸಲಿಲ್ಲವಾ? ಅನ್ನಿಸಿತು. ಎರಡು ಸಲ ಫೋನು ಕೈಗೆ ತೆಗೆದುಕೊಂಡೆ. ಕಳ್ಳಿಯನ್ನು ಬೇಡಿಕೊಳ್ಳುವುದಾ ಅನ್ನಿಸಿ ಕೆಳಗಿಟ್ಟೆ. ಅಮ್ಮನ ಮೂಳೆ ಎಣಿಸುವ ಹಾಗಾಗಿದ್ದರೂ ನನ್ನ ಜಂಬ ಒಂದು ತೂಕ ಇಳಿಯಲಿಲ್ಲ.

ಆಯುಧಪೂಜೆ ಬಂತು. ಪ್ರತಿವರ್ಷದಂತೆ ಮಿಷನ್ನಿಗೆ ಮೂರು ಬೆರಳಿನ ವಿಭೂತಿ, ಮಧ್ಯೆ ಕುಂಕುಮ, ಮೇಲೆ ಚೆಂಡುಹೂವು. ಕಲ್ಲಿಗೂ ಒಂದು ಬೊಟ್ಟು. ಮಂಗಳಾರತಿ ಎತ್ತಿ, ಇದೊಂದು ಕೆಡದಿರಲಿ ತಾಯಿ ಅಂತ ಕೈಮುಗಿದೆ. ಒಳಗೆ ಏನಿದೆ ಅಂತ ಆ ತಾಯಿಗೆ ಗೊತ್ತಿದ್ದಿರಬೇಕು. ದೀಪಾವಳಿ ಕಳೆದು ಹತ್ತು ದಿನಕ್ಕೆ ಅಮ್ಮ ಹೋದಳು. ಏನು ಕಾಯಿಲೆ ಅಂತ ಬಂದವರೆಲ್ಲ ಕೇಳಿದರು. ವಯಸ್ಸಾಗಿತ್ತು ಅಂದೆ. ಬೋಳು ಕಿವಿಯಲ್ಲೇ ಅವಳನ್ನು ಮಣ್ಣಿಗೆ ಕಳಿಸಿದೆವು.

ಸಂಕ್ರಾಂತಿ ಮುಗಿದ ವಾರ ಮಿಷನ್ನು ನೀರು ಹೊರಗೆ ಹಾಕುವುದನ್ನು ನಿಲ್ಲಿಸಿತು. ಗಾಜಿನೊಳಗೆ ಅರ್ಧದವರೆಗೆ ಕೊಳಕು ನೀರು, ಗುಂಯ್ ಅನ್ನುವ ಸದ್ದು. ರಿಪೇರಿಗೆ ಬಂದವರು ಕನ್ನಡಕದ ಹಿರಿಯರು. ಬಗ್ಗಿ ನೋಡಿ, "ಫಿಲ್ಟರ್ ಯಾವಾಗ ಕ್ಲೀನ್ ಮಾಡಿದ್ರಿ ಮೇಡಂ?" ಅಂದರು. "ಎಲ್ಲಾ ನೀಟಾಗಿ ಇಟ್ಟಿದೀನಿ, ನೋಡಿ" ಅಂತ ಜಂಬದಿಂದಲೇ ಹೇಳಿದೆ. "ಮೇಲಿಂದಲ್ಲ, ಕೆಳಗಿಂದು" ಅಂದರು. ಕಲ್ಲು ಸರಿಸದೆ ಆಗಲ್ಲ ಅಂದಾಗ ಈ ಸಲ ತಡೆಯುವವರು ಯಾರಿದ್ದರು? ಹಾರೆ ತಂದು, ಇಬ್ಬರೂ ಸೇರಿ ಕಲ್ಲನ್ನು ಮೊಳದಷ್ಟು ಸರಿಸಿದೆವು. ಅವರು ಪುಟ್ಟ ಬಾಗಿಲು ತೆಗೆದು, ತಟ್ಟೆ ಹಿಡಿದು, ತಿರುಪು ತಿರುಗಿಸಿದರು. ಕಪ್ಪು ನೀರು ಬುಳಬುಳ ಬಂತು. ಹಿಂದೆಯೇ ಫಿಲ್ಟರು, ಅದರ ಸುತ್ತ ಇಲಿಯಷ್ಟು ದಪ್ಪ ಕೂದಲು, ದಾರದ ಉಂಡೆ. ಅದನ್ನು ಬೆರಳಲ್ಲಿ ಬಿಡಿಸುತ್ತಾ, "ನೋಡಿ ಮೇಡಂ, ಏನೇನಿದೆ ಇದರಲ್ಲಿ" ಅಂತ ನಗುತ್ತಾ ನನ್ನ ಅಂಗೈಗೆ ಹಾಕಿದರು. ಎರಡು ಗುಂಡಿ, ಒಂದು ಪಿನ್ನು, ಅರ್ಧ ಅಡಿಕೆ. ಜೊತೆಗೆ ಎರಡು ಓಲೆ. ಲೋಳೆ ಒರೆಸಿದರೆ ಕೆಂಪುಕಲ್ಲು ಹಾಗೇ ಇದ್ದವು.

"ಅದೃಷ್ಟ ನಿಮ್ದು" ಅಂದರು. ನಾನು ಕಲ್ಲಿನ ಮೇಲೆ ಕೂತೆ. ಅಯ್ಯೋ ಪಾಪಿ, ಅಂತ ಬಾಯಿಬಿಟ್ಟೇ ಅಂದೆ. ಅವರು ಗಾಬರಿಯಾಗಿ ನೀರು ತರಲಾ ಅಂದರು.

ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಅಂತ ಗಾದೆ. ಗಾದೆಯನ್ನು ಮಕ್ಕಳಿಗೆ ವಿವರಿಸಿ ಬರೆಸಿ, ಮಾರ್ಕ್ಸ್ ಕೊಟ್ಟವಳು ನಾನು. ಕೆಲಸಕ್ಕೆ ಸೇರಿಸುವಾಗ ಇಸಿದುಕೊಂಡಿದ್ದ ಆಧಾರ್ ಜೆರಾಕ್ಸು ಇತ್ತು. ಆ ವಿಳಾಸ ಹಿಡಿದು ಮರುದಿನವೇ ಹೊರಟೆ. ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸುವಾಗ, ಇದೇ ದಾರಿಯಲ್ಲಿ ಅವಳು ದಿನಾ ಬರುತ್ತಿದ್ದಳಲ್ಲ ಅನ್ನಿಸಿತು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಓಲೆ ಸಿಕ್ಕಿದ್ದು ಹೇಳಬೇಕು. ತಪ್ಪಾಯ್ತು ಅನ್ನಬೇಕು. ಅಮ್ಮ ಹೋದದ್ದನ್ನು ಹೇಳಬೇಕು. ಓಲೆ ನೀನೇ ಇಟ್ಟುಕೋ ಅನ್ನಬೇಕು.

ಮಸೀದಿ ಹಿಂದಿನ ಓಣಿ, ಮೊದಲ ಮಹಡಿ, ಕಡಿದಾದ ಮೆಟ್ಟಿಲು. ಬಾಗಿಲು ತೆಗೆದವಳು ಅವಳೇ. ನನ್ನನ್ನು ಕಂಡು ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ. ಯಾಕೆ ಅನ್ನಬೇಕು?

"ಓಲೆ ಸಿಕ್ತಮ್ಮಾ. ಮಿಷನ್ನಲ್ಲೇ ಇತ್ತು. ನಾನೇ ಸೆರಗು ನೋಡದೆ ಹಾಕಿದ್ದೆ" ಅಂದೆ.

ಅವಳು ಬಾಗಿಲನ್ನು ಪೂರ್ತಿ ತೆಗೆದಳು. ಒಳಗೆ ಮಂಚದ ಮೇಲೆ ವಯಸ್ಸಾದ ಹೆಂಗಸು ಕೂತಿದ್ದರು.

"ಜೋರಾಗಿ ಹೇಳಿ ಅಕ್ಕಾ. ನಮ್ಮತ್ತೆಗೆ ಕೇಳ್ಬೇಕು. ನಿಮ್ಮ ಬೀದೀಲಿ ಕಳ್ಳಿ ಅಂದ್ರು, ಆಮೇಲೆ ಯಾರೂ ಕೆಲಸಕ್ಕೆ ಕರೀಲಿಲ್ಲ. ಮನೇಲೂ ದಿನಾ ಅದೇ ಮಾತು."

ಜೋರಾಗಿ ಹೇಳಿದೆ. ಇವಳು ಕದ್ದಿಲ್ಲ, ತಪ್ಪು ನನ್ನದು, ಅಂತ. ಕ್ಲಾಸಿನಲ್ಲಿ ಪಾಠ ಹೇಳುವ ಅದೇ ಗಂಟಲಲ್ಲಿ. ಅವಳು ಉರ್ದುವಿನಲ್ಲಿ ಅತ್ತೆಗೆ ಅದನ್ನೇ ಇನ್ನೊಂದು ಸಲ ಹೇಳಿದಳು. ಮುದುಕಿ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು.

ಇನ್ನುಳಿದದ್ದನ್ನು ಹೇಳಬೇಕು ಅಂತ ಓಲೆಯಿದ್ದ ಕೈ ಮುಂದೆ ಮಾಡುವಷ್ಟರಲ್ಲಿ ಅವಳೇ ಕೇಳಿದಳು. ಅವಳ ದನಿ ಈಗ ಬೇರೆಯಾಗಿತ್ತು, ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆ ಹೊಸ್ತಿಲು ದಾಟುವಾಗಿನ ದನಿ.

"ಅಜ್ಜಿ ತಿಂತಾ ಇದಾರಾ ಅಕ್ಕಾ? ಅವತ್ತು ಗೇಟಲ್ಲೇ ಹೇಳೋಣ ಅಂತಿದ್ದೆ, ನೀವು ಬಿಡ್ಲಿಲ್ಲ. ಮೊದ್ಲು ಒಂಚೂರು ಬೆಲ್ಲ ತುಟಿಗೆ ಸವರಬೇಕು. ನಾಲಿಗೆ ಚಾಚಿ ನೆಕ್ಕೋಕೆ ಬಾಯಿ ತೆಗೀತಾರೆ. ಆಗ ಗಂಜಿ ಕೊಡಬೇಕು. ಬೆಲ್ಲ ಇಲ್ದೆ ತಿನ್ನಲ್ಲ ಅವರು."

ನನ್ನ ಕೈ ಅಲ್ಲೇ ನಿಂತಿತು.

"ಬೆಲ್ಲ ಕೊಡ್ತಾ ಇದೀರಾ?" ಅಂದಳು.

"ಹೂಂ" ಅಂದೆ. "ತಿಂತಾರೆ."

ಮುಷ್ಟಿ ಮುಚ್ಚಿಕೊಂಡು ಮೆಟ್ಟಿಲು ಇಳಿದೆ.